ಸ್ವರ್ಣಾ ದಂಡೆಯ ಮನೆಗೆ ಬೋಟ್ ಲಿಫ್ಟ್: ಮೊದಲು ಮಳೆಗಾಲದ ಲೆಕ್ಕ ಹಾಕಿ

ಪ್ರಶ್ನೆ: ಕೆಮ್ಮಣ್ಣು ಹತ್ತಿರ ಸ್ವರ್ಣಾ ನದಿ ದಂಡೆಯಲ್ಲಿ ನಮ್ಮ ಹಿರಿಯರ ಮನೆ ಇದೆ. ಬಹಳ ವರ್ಷ ಮಸ್ಕತ್‌ನಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. 19 ಅಡಿಯ ಫೈಬರ್ ದೋಣಿ ಮತ್ತು 60 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ತೆಗೆದುಕೊಂಡಿದ್ದೇನೆ. ಬರೀ ದೋಣಿಯ ತೂಕ 550 ಕೆಜಿ ಎಂದು ಮಾಡಿಕೊಟ್ಟವರು ಹೇಳಿದ್ದಾರೆ. ಮನೆ ಎದುರು ಸಣ್ಣ ದಕ್ಕೆ ಕಟ್ಟಿಸಿ, ದೋಣಿಯನ್ನು ನೀರಿನಿಂದ ಮೇಲೆತ್ತಿ ಇಡುವ ನಾಲ್ಕು ಕಂಬದ ಕರೆಂಟ್ ಲಿಫ್ಟ್ ಹಾಕಿಸುವ ಆಸೆ. ಒಂದು ಟನ್ನಿನದ್ದು ಸಾಕು ಎಂದು ಒಬ್ಬರು, ಮೂರು ಟನ್ ಬೇಕೇ ಬೇಕು ಎಂದು ಇನ್ನೊಬ್ಬರು. ದಕ್ಕೆಯ ಮೇಲ್ಹಾಸಿಗೆ ಬಡಗಿಯವರು ಸಾಗುವಾನಿ ಅನ್ನುತ್ತಾರೆ, ಅಂಗಡಿಯವರು ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಹಲಗೆ ಅನ್ನುತ್ತಾರೆ. ವಯಸ್ಸಾದ ತಂದೆ ತಾಯಿಯೂ ದೋಣಿ ಹತ್ತಬೇಕು. ಯಾವುದು ಸರಿ?

ಉತ್ತರ: ಬೇಕಾದ ವಿವರ ಬಹುತೇಕ ಎಲ್ಲವನ್ನೂ ಕೊಟ್ಟಿದ್ದೀರಿ. ಆದರೆ ಜೂನ್ ತಿಂಗಳಲ್ಲಿ ದೋಣಿ ಎಲ್ಲಿರುತ್ತದೆ ಎಂದು ಬರೆದಿಲ್ಲ. ಲಿಫ್ಟ್ ಮಾರುವವರೂ ಇದನ್ನು ಕೇಳಿದಂತಿಲ್ಲ. ನಮ್ಮ ಕಡೆ ಮೊದಲು ತೀರ್ಮಾನ ಆಗಬೇಕಾದದ್ದು ಇದೇ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ದೋಣಿಗೆ ನಾಲ್ಕು ಕಂಬದ ಲಿಫ್ಟ್ ಬೇಡ. ದೋಣಿ ಹತ್ತಿ ಕೂರುವಂಥ ತೇಲುವ ಕಟ್ಟೆ ಹಾಕಿಸಿ. ಮಳೆಗಾಲಕ್ಕೆ ಮುಂಚೆ ದೋಣಿಯನ್ನೂ ಕಟ್ಟೆಯನ್ನೂ ಎಳೆದು ಅಂಗಳಕ್ಕೆ ತನ್ನಿ. ದಂಡೆ ಬದಿಯ ದಕ್ಕೆಗೆ ಸಾಗುವಾನಿಯೂ ಬೇಡ, ಡಬ್ಲ್ಯುಪಿಸಿಯೂ ಬೇಡ. ಗಾಜಿನ ಎಳೆ ಮತ್ತು ರಾಳ (ರೆಸಿನ್) ಸೇರಿಸಿ ಮಾಡಿದ ಫೈಬರ್ ಜಾಲರಿ, ಅಂದರೆ ಎಫ್‌ಆರ್‌ಪಿ ಗ್ರೇಟಿಂಗ್ ಹಾಕಿಸಿ.

ಮಸ್ಕತ್‌ನಲ್ಲಿ ನೀವು ನೋಡಿದ ಲಿಫ್ಟ್‌ಗಳು ಚೆನ್ನಾಗಿಯೇ ಇದ್ದವು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಲ್ಲಿ ಇಡೀ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 100 ಮಿಲಿಮೀಟರ್ ಮಳೆ. ಉಡುಪಿಯಲ್ಲಿ ಜುಲೈ ತಿಂಗಳ ಒಂದೇ ರಾತ್ರಿಯಲ್ಲಿ ಅಷ್ಟು ಸುರಿಯಬಹುದು. ವರ್ಷದ ಮಳೆ 4,000 ಮಿಲಿಮೀಟರ್ ಆಸುಪಾಸು, ಬಹುಪಾಲು ನಾಲ್ಕೇ ತಿಂಗಳಲ್ಲಿ. ಈ ಒಂದು ವ್ಯತ್ಯಾಸವೇ ಲಿಫ್ಟಿನ ಲೆಕ್ಕವನ್ನೆಲ್ಲ ಬದಲಿಸುತ್ತದೆ.

ತೂಕದಿಂದಲೇ ಶುರು ಮಾಡೋಣ. ದೋಣಿ 550 ಕೆಜಿ. 60 ಎಚ್‌ಪಿ ಫೋರ್ ಸ್ಟ್ರೋಕ್ ಎಂಜಿನ್ ಸುಮಾರು 115. ಪೆಟ್ರೋಲ್ 100 ಲೀಟರ್ ತುಂಬಿಸಿದರೆ 75. ಬ್ಯಾಟರಿ, ಲಂಗರು, ಹಗ್ಗ, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ ಎಲ್ಲ ಸೇರಿ ಇನ್ನೊಂದು 100 ಇಟ್ಟುಕೊಳ್ಳಿ. ಒಟ್ಟು 840 ಕೆಜಿ. ಹಾಗಾದರೆ ಒಂದು ಟನ್ನಿನ ಲಿಫ್ಟ್ ಸಾಕು ಅನ್ನಿಸುತ್ತದೆ, ಅಲ್ವಾ? ಈಗ ಮಳೆ ಸೇರಿಸಿ. ನಿಮ್ಮ ದೋಣಿಯ ಬಾಯಿ ಅಂದಾಜು 9 ಚದರ ಮೀಟರ್. ಒಂದು ಚದರ ಮೀಟರಿಗೆ 100 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ಒಳಗೆ ತುಂಬಿದ ನೀರೇ 900 ಕೆಜಿ ಆಯಿತು, ದೋಣಿಗಿಂತ ಜಾಸ್ತಿ. ತಳದ ಬೂಚು ತೆಗೆಯಲು ಮರೆತರೆ ಅಥವಾ ಆ ತೂತಿಗೆ ಒಂದು ಎಲೆ ಅಡ್ಡ ಕೂತರೆ, ಬೆಳಗಾಗುವಷ್ಟರಲ್ಲಿ ಲಿಫ್ಟಿನ ಮೇಲೆ ಒಂದೂಮುಕ್ಕಾಲು ಟನ್ ಇರುತ್ತದೆ. ಅದರಲ್ಲೂ ಎಂಜಿನ್ ಹಿಂದೆ ಇರುವುದರಿಂದ ಭಾರವೆಲ್ಲ ಹಿಂದಿನ ಎರಡು ಕಂಬಗಳ ಕಡೆಗೇ ವಾಲುತ್ತದೆ, ನೀರೂ ಅಲ್ಲೇ ಸೇರುತ್ತದೆ. ಮೂರು ಟನ್ ಹೇಳಿದವರು ಸುಮ್ನೆ ದುಬಾರಿ ಮಾಲು ತೋರಿಸಿದ್ದಲ್ಲ. ಕಂಬದ ಲಿಫ್ಟನ್ನೇ ಹಾಕಿಸುವುದಾದರೆ ಅವರ ಮಾತೇ ಸರಿ.

ಆದರೆ ಕಂಬದ ಲಿಫ್ಟಿಗೆ ನಿಮ್ಮ ಜಾಗ ಹೊಂದುವುದಿಲ್ಲ. ಸ್ವರ್ಣಾ, ಸೀತಾ ಎರಡೂ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಲ್ಲಿಂದ ಒಳಗೆ ಕುದ್ರುಗಳ (ಹೊಳೆಯ ನಡುವಿನ ನಡುಗಡ್ಡೆಗಳ) ನಡುವೆ ಹೊಳೆ ಅಗಲವಾಗಿದೆ, ಆದರೆ ಆಳ ಒಂದೇ ಸಮ ಇಲ್ಲ. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಅವೂ ಒಂದೇ ಎತ್ತರದವಲ್ಲ. ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ ಏರಿಳಿತದ ಅಂತರ ಒಂದೂಕಾಲು, ಒಂದೂವರೆ ಮೀಟರ್‌ವರೆಗೆ ಹೋಗುತ್ತದೆ. ಕಂಬದ ಲಿಫ್ಟಿನಲ್ಲಿ ದೋಣಿಯ ಅಡಿಗೆ ಅಡ್ಡತೊಲೆ ಇಳಿಯಬೇಕು. ದೋಣಿ ಮುಳುಗುವ ಆಳ, ತೊಲೆಯ ದಪ್ಪ, ಕೆಸರಿಗೆ ತಾಗದಂತೆ ಒಂದಷ್ಟು ಜಾಗ, ಎಲ್ಲ ಸೇರಿದರೆ ಇಳಿತದಲ್ಲೂ ಒಂದು ಮೀಟರಿಗಿಂತ ಜಾಸ್ತಿ ನೀರು ಬೇಕು. ಅಷ್ಟು ನೀರಿಲ್ಲದಿದ್ದರೆ ಉಬ್ಬರ ಬರುವವರೆಗೆ ಕಾಯಬೇಕಾಗುತ್ತದೆ.

ಇನ್ನು ನೆರೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಹೊಳೆಗಳು ಹೇಗೆ ಉಕ್ಕಿದವು ಎಂದು ನಿಮ್ಮ ಮನೆಯವರನ್ನೇ ಕೇಳಿ. ಗೋಡೆಯ ಮೇಲೆ ನೀರಿನ ಗುರುತು ಇನ್ನೂ ಇದ್ದರೆ ಅಳೆದು ಬರೆದಿಡಿ. ನಿಮಗೆ ಅದಕ್ಕಿಂತ ಬೆಲೆಬಾಳುವ ಅಳತೆ ಬೇರೆ ಇಲ್ಲ. ನೆರೆ ನೀರು ಒಂದೇ ಬರುವುದಿಲ್ಲ. ತೆಂಗಿನ ಬೊಡ್ಡೆ, ಬುಡಸಮೇತ ಕಿತ್ತ ಮರ, ಬಿದಿರ ಮೆಳೆ, ಕಸದ ದೊಡ್ಡ ಮುದ್ದೆ ಎಲ್ಲ ಬರುತ್ತವೆ. ಹೊಳೆಯ ಮಧ್ಯೆ ನಿಂತ ನಾಲ್ಕು ಕಂಬಕ್ಕೆ ಕಸ ಸಿಕ್ಕಿಕೊಂಡರೆ ಹಿಂದಿನಿಂದ ನೀರು ಒತ್ತುತ್ತದೆ. ಜೊತೆಗೆ ಕಂಬದ ಬುಡದ ಹೊಯ್ಗೆ (ಮರಳು) ಕೊಚ್ಚಿಹೋಗುತ್ತದೆ. ನಿಮ್ಮ ಮನೆ ಹೊಳೆಯ ತಿರುವಿನ ಹೊರಬದಿಯಲ್ಲಿದ್ದರೆ ಈ ಕೊರೆತ ಜಾಸ್ತಿ. ಒಳಬದಿಯಲ್ಲಿದ್ದರೆ ಹೂಳು ಜಾಸ್ತಿ.

ಮಂಗಳೂರಲ್ಲಿ, ಗುರುಪುರ ಹೊಳೆಯ ಆಳದ ಕಡೆ ಮೂರು ನಾಲ್ಕು ಟನ್ನಿನ ಬೋಟ್ ಇಟ್ಟುಕೊಂಡವರು ಕೇಳಿದ್ದರೆ ನಾನೇ ಕಂಬದ ಲಿಫ್ಟ್ ಹೇಳುತ್ತಿದ್ದೆ. ಆಗ ಮಣ್ಣು ಪರೀಕ್ಷೆ ಮಾಡಿಸಿ, ಗಟ್ಟಿ ತಳ ಸಿಗುವವರೆಗೆ ಪೈಲ್, ಅಂದರೆ ಅಡಿಪಾಯದ ಕಂಬ ಇಳಿಸಬೇಕು. ಭಾರತೀಯ ಮಾನಕ ಐಎಸ್ 456 ಉಬ್ಬರ ಇಳಿತದ ಪಟ್ಟಿಯಲ್ಲಿರುವ ಕಾಂಕ್ರೀಟಿಗೆ ಎಂ 40 ದರ್ಜೆ ಮತ್ತು ಕಬ್ಬಿಣದ ಹೊರಗೆ 75 ಮಿಲಿಮೀಟರ್ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ ಇರಬೇಕು ಎಂದು ಹೇಳುತ್ತದೆ. ಮನೆ ಕಟ್ಟುವ ಮೇಸ್ತ್ರಿ ಅಭ್ಯಾಸಬಲದಿಂದ 25ಕ್ಕೆ ಕವರ್ ಬ್ಲಾಕ್ ಇಟ್ಟರೆ ಕೆಲವೇ ವರ್ಷಕ್ಕೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಸಿಡಿಯುತ್ತದೆ. ನಿಮ್ಮ ದಕ್ಕೆಗೆ ಒಂದೆರಡು ಕಂಬ ಬೇಕಾದರೂ ಇದೇ ನಿಯಮ. ಹೊಳೆಯ ಉಪ್ಪು ನೀರಲ್ಲಿ ಕಾಂಕ್ರೀಟ್ ಕಲಸಲು ಬಿಡಲೇಬೇಡಿ.

ತೇಲುವ ಕಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ದುಡ್ಡು ಹಾಕಬೇಕಾದದ್ದು ಅಲ್ಲಿ. ಇದು ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಟೊಳ್ಳು ಡಬ್ಬಗಳನ್ನು ಪಿನ್ ಹಾಕಿ ಜೋಡಿಸಿದ ಕಟ್ಟೆ. ಸಾಮಾನ್ಯವಾಗಿ ಒಂದು ಡಬ್ಬ 50 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 40 ಸೆಂಟಿಮೀಟರ್ ಎತ್ತರ. ಒಂದು ಚದರ ಮೀಟರ್ ಕಟ್ಟೆ ಸುಮಾರು 350 ಕೆಜಿ ಹೊರುತ್ತದೆ. ದೋಣಿ ನಿಲ್ಲುವ ಕಡೆ ಮಧ್ಯದಲ್ಲಿ ತಗ್ಗು ಇರುತ್ತದೆ. ನೀವು ನಿಧಾನಕ್ಕೆ ಓಡಿಸಿಕೊಂಡು ಬಂದು, ಸ್ವಲ್ಪ ವೇಗ ಕೊಟ್ಟರೆ ದೋಣಿ ಮೇಲೇರಿ ಕೂರುತ್ತದೆ. ಇಳಿಸುವಾಗ ಹಿಂದಕ್ಕೆ ದೂಡಿದರಾಯಿತು. ಮೋಟಾರ್ ಇಲ್ಲ, ತಂತಿ ಹಗ್ಗ ಇಲ್ಲ, ಕರೆಂಟ್ ಇಲ್ಲ. ನೀರು ಏರಿದಷ್ಟು ಕಟ್ಟೆಯೂ ಏರುತ್ತದೆ, ಇಳಿದಷ್ಟು ಇಳಿಯುತ್ತದೆ. ದೋಣಿಯ ತಳ ನೀರಿನಿಂದ ಮೇಲಿರುವುದರಿಂದ ಬಾರ್ನಕಲ್ (ಗಟ್ಟಿಯಾಗಿ ಅಂಟಿಕೊಳ್ಳುವ ಸಣ್ಣ ಚಿಪ್ಪು ಜೀವಿ) ಹತ್ತುವುದಿಲ್ಲ. ಲಿಫ್ಟ್ ಬೇಕು ಎಂದು ನಿಮಗೆ ಅನ್ನಿಸಿದ್ದೂ ಅದಕ್ಕೇ ತಾನೆ?

ಕೊಳ್ಳುವಾಗ ಒಟ್ಟು ಭಾರದ ಲೆಕ್ಕಕ್ಕೆ ತೃಪ್ತಿಪಡಬೇಡಿ. ಹಿಂಭಾಗದ ಅರ್ಧ ಕಟ್ಟೆ, ಎಂಜಿನ್ ಮತ್ತು ಪೆಟ್ರೋಲ್ ಟ್ಯಾಂಕಿನ ಭಾರವನ್ನು ತಾನೊಂದೇ ಹೊರುತ್ತದೆಯೇ ಎಂದು ಬೇರೆಯಾಗಿ ಲೆಕ್ಕ ಕೇಳಿ. ಡಬ್ಬದ ಮೂಲೆಯ ಕಿವಿ ಕೈಯಲ್ಲಿ ಹಿಡಿದು ನೋಡಿ. ಪಿನ್ ಹೋಗುವ ಆ ಕಿವಿ ತೆಳ್ಳಗಿದ್ದರೆ ಮಾಲು ವಾಪಸ್ ಕೊಡಿ. ಅಲೆ ಹೊಡೆದಾಗ ಕಟ್ಟೆ ಕಿತ್ತುಬರುವುದು ಅಲ್ಲಿಂದಲೇ. 2022ರ ಮೇ ತಿಂಗಳಲ್ಲಿ ಮಲ್ಪೆ ಬೀಚಿನಲ್ಲಿ ಉದ್ಘಾಟನೆಯಾದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಯ ಹೊಡೆತಕ್ಕೆ ಬಿಡಿಬಿಡಿಯಾದದ್ದು ನೆನಪಿರಬಹುದು. ಅದು ತೆರೆದ ಕಡಲು, ನಿಮ್ಮದು ಒಳಹೊಳೆ. ಆದರೂ ಮೇ ತಿಂಗಳು ಎಂದರೆ ಎಚ್ಚರ ಬೇಕು. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರವನ್ನು ಕಾಡಿದ್ದು ಮೇ ಮಧ್ಯಭಾಗದಲ್ಲೇ.

ಆದ್ದರಿಂದ ಮೇ ಎರಡನೇ ವಾರದ ಒಳಗೆ ಕಟ್ಟೆಯನ್ನು ಬಿಚ್ಚಿ ದಡಕ್ಕೆ ತನ್ನಿ. ಡಬ್ಬಗಳನ್ನು ಶೆಡ್ಡಿನಲ್ಲಿ ಒಂದರ ಮೇಲೊಂದು ಪೇರಿಸಿಡಬಹುದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆ, ಗಂಗೊಳ್ಳಿಯಲ್ಲಿ ಆಗ ಬೋಟುಗಳು ದಡದಲ್ಲಿ, ದಕ್ಕೆಯಲ್ಲಿ ವಿಶ್ರಾಂತಿಯಲ್ಲಿರುತ್ತವೆ. ಕಡಲಿನ ಜೊತೆಗೇ ಬದುಕುವವರು ಪಾಲಿಸುವ ಕ್ರಮ ಅದು, ಅದನ್ನೇ ನೀವೂ ಅನುಸರಿಸಿ. ಸೆಪ್ಟೆಂಬರ್ ನೆರೆಯನ್ನೂ ದಾಟಿಸಿ ನವರಾತ್ರಿ ಹೊತ್ತಿಗೆ ಮತ್ತೆ ನೀರಿಗೆ ಇಳಿಸಿದರೆ ಕ್ಷೇಮ.

ದೋಣಿ ಎಳೆಯಲು ದಂಡೆಯಿಂದ ನೀರಿಗೆ ಒಂದು ಇಳಿಜಾರು ಬೇಕು. ಎಂಟು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಇಳಿಯುವಷ್ಟು ಸಾಕು. ಟ್ರಾಲಿ ಸೇರಿ ಒಂದು ಟನ್ ಎಂದಿಟ್ಟುಕೊಂಡರೆ, ಆ ಇಳಿಜಾರಿನಲ್ಲಿ ಎಳೆತ 125 ಕೆಜಿ, ಗಾಲಿಯ ತಿಕ್ಕಾಟವೂ ಸೇರಿ 200ರ ಒಳಗೆ. ತೆಂಗಿನ ಮರಕ್ಕಲ್ಲ, ಸರಿಯಾದ ಕಾಂಕ್ರೀಟ್ ಬುಡಕ್ಕೆ ಕಟ್ಟಿದ ಒಂದು ಕೈ ವಿಂಚ್ ಇದ್ದರೆ ಇಬ್ಬರು ಎಳೆಯಬಹುದು. ಅಂಗಳದಲ್ಲಿ ನಿಲ್ಲಿಸುವಾಗ ಮೂತಿ ಸ್ವಲ್ಪ ಮೇಲೆ, ಹಿಂಭಾಗ ಕೆಳಗೆ, ಬೂಚು ತೆಗೆದು.

ಈಗ ಲೋಹ. ನೀರು ಪೂರ್ತಿ ಇಳಿದ ಹೊತ್ತಿನಲ್ಲಿ ಯಾವುದಾದರೂ ಹಳೇ ದಕ್ಕೆಯ ಅಡಿಗೆ ಬಗ್ಗಿ ನೋಡಿ. ಕಂಬದ ಮಧ್ಯದಲ್ಲಿ ಮುರು (ಸಿಂಪಿ), ಬಾರ್ನಕಲ್ ಮೆತ್ತಿಕೊಂಡ ದಪ್ಪ ಪಟ್ಟಿ ಕಾಣುತ್ತದೆ. ಅದರ ಸ್ವಲ್ಪ ಮೇಲೆ, ನೀರು ಎರಚಿ ಒಣಗುವ ಜಾಗದಲ್ಲಿ, ಕಬ್ಬಿಣ ಪದರ ಪದರವಾಗಿ ಎದ್ದಿರುತ್ತದೆ. ಉಗುರಿನಲ್ಲಿ ಕೆರೆದರೂ ಚಕ್ಕೆ ಬರುತ್ತದೆ. ಉಪ್ಪು, ಗಾಳಿ, ಒದ್ದೆ ಮೂರೂ ಒಟ್ಟಿಗೆ ಸಿಗುವುದು ಅಲ್ಲೇ. ಆದ್ದರಿಂದ ಬೋಲ್ಟ್, ನಟ್ಟು, ವಾಷರ್ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 304 ಉಪ್ಪು ನೀರಿನ ಹತ್ತಿರ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. ಕಬ್ಬಿಣದ ಚೌಕಟ್ಟು ಮಾಡಿಸಿದರೆ ಎಲ್ಲ ಕತ್ತರಿಸಿ, ತೂತು ಕೊರೆದು, ವೆಲ್ಡಿಂಗ್ ಮುಗಿಸಿದ ಮೇಲೆಯೇ ಕಾದ ಸತುವಿನಲ್ಲಿ ಅದ್ದಿಸಿ. 6 ಮಿಲಿಮೀಟರಿಗಿಂತ ದಪ್ಪದ ಕಬ್ಬಿಣಕ್ಕೆ ಸರಾಸರಿ 85 ಮೈಕ್ರಾನ್ ಲೇಪ ಬರಬೇಕು. ಅದ್ದಿದ ಮೇಲೆ ಸೈಟಿನಲ್ಲಿ ವೆಲ್ಡಿಂಗ್ ಮಾಡಿದರೆ ಆ ಜಾಗದಿಂದಲೇ ತುಕ್ಕು ಶುರು. ಅಲ್ಯುಮಿನಿಯಂ ಚೌಕಟ್ಟಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟಿನ ಸುತ್ತ ನೈಲಾನ್ ಕೊಳವೆ ಇರಲೇಬೇಕು, ಇಲ್ಲದಿದ್ದರೆ ಬೋಲ್ಟ್ ಉಳಿದು ಅಲ್ಯುಮಿನಿಯಂ ಪುಡಿಯಾಗುತ್ತದೆ.

ಎಂಜಿನ್ನಿನ ಕಾಲಿನಲ್ಲಿ ಆನೋಡ್ ಎಂಬ ಸಣ್ಣ ಲೋಹದ ತುಂಡು ಇರುತ್ತದೆ. ಎಂಜಿನ್ ತಿನ್ನುವ ಬದಲು ತುಕ್ಕು ಅದನ್ನು ತಿನ್ನಲಿ ಎಂದು ಹಾಕುವುದು. ನಮ್ಮ ಹೊಳೆಯಲ್ಲಿ ಇದಕ್ಕೊಂದು ವಿಶೇಷ ಇದೆ. ಏಪ್ರಿಲ್‌ನಲ್ಲಿ ಉಪ್ಪು ನೀರು ಬಹಳ ಒಳಗೆ ನುಗ್ಗಿರುತ್ತದೆ. ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಹೆಚ್ಚುಕಡಿಮೆ ಸಿಹಿ ನೀರು. ಸತುವಿನ ಆನೋಡ್ ಸಮುದ್ರಕ್ಕೆ ಒಳ್ಳೆಯದು, ಆದರೆ ಸಿಹಿ ನೀರಲ್ಲಿ ಅದರ ಮೇಲೆ ಗಟ್ಟಿ ಪೊರೆ ಕಟ್ಟಿ ಕೆಲಸ ನಿಲ್ಲಿಸಿಬಿಡುತ್ತದೆ. ಮ್ಯಾಗ್ನೀಷಿಯಂ ಉಪ್ಪು ನೀರಲ್ಲಿ ಬೇಗ ಕರಗಿಹೋಗುತ್ತದೆ. ಎರಡಕ್ಕೂ ಹೊಂದುವುದು ಅಲ್ಯುಮಿನಿಯಂ ಮಿಶ್ರಲೋಹದ ಆನೋಡ್. ಅದನ್ನೇ ಕೇಳಿ ತೆಗೆದುಕೊಳ್ಳಿ. ಅರ್ಧ ಸವೆದಾಗ ಬದಲಿಸಿ, ಅದರ ಮೇಲೆ ಪೇಂಟ್ ಮಾತ್ರ ಬಳಿಯಬೇಡಿ.

ಮೇಲ್ಹಾಸಿನ ಮಾತಿಗೆ ಬರೋಣ. ನಿಮ್ಮ ಬಡಗಿಯವರು ಹೇಳಿದ ಸಾಗುವಾನಿ ಕೆಟ್ಟ ಮರ ಅಲ್ಲ. ನಮ್ಮ ಹಿರಿಯರು ನೀರಿನ ಕೆಲಸಕ್ಕೆ ಕಿರಾಲುಬೋಗಿ, ಹೆಬ್ಬಲಸು ಬಳಸಿದ್ದೂ ತಿಳಿದೇ ಬಳಸಿದ್ದು. ಆದರೆ ನೀರಿಗೆ ತಾಗುವ ಮರಕ್ಕೆ ಹಡಗುಹುಳು ಬೀಳುತ್ತದೆ. ಹೊರಗೆ ಗುಂಡುಸೂಜಿಯ ತಲೆಯಷ್ಟು ತೂತು, ಬೇರೇನೂ ಕಾಣುವುದಿಲ್ಲ. ಸೀಳಿ ನೋಡಿದರೆ ಬೆರಳು ಹೋಗುವಷ್ಟು ಸುರಂಗಗಳು, ಒಳಗೋಡೆಗೆ ಸುಣ್ಣದಂಥ ಬಿಳಿ ಪದರ. ಸುತ್ತಿಗೆಯಲ್ಲಿ ಬಡಿದಾಗ ಟೊಳ್ಳು ಸದ್ದು ಬಂದರೆ ಆ ಕಂಬದ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಮೇಲ್ಹಾಸಿಗೆ ಈ ಹುಳದ ಭಯ ಇಲ್ಲ. ಅಲ್ಲಿನ ತೊಂದರೆ ಪಾಚಿ. ಜುಲೈಯಲ್ಲಿ ಮರದ ಹಲಗೆ ಮೇಲೆ ಹಸಿರು ಪಾಚಿ ಕಟ್ಟಿದರೆ ಚಪ್ಪಲಿ ನಿಲ್ಲುವುದಿಲ್ಲ. ತಂದೆ ತಾಯಿ ಓಡಾಡುವ ಜಾಗ ಎಂದಿದ್ದೀರಿ. ಈ ಒಂದೇ ಕಾರಣಕ್ಕೆ ನಾನು ಮರ ಬೇಡ ಅನ್ನುತ್ತೇನೆ.

ಡಬ್ಲ್ಯುಪಿಸಿ ಎಂದು ಬಾಗಿಲಿಗೆ, ಅಡುಗೆಮನೆ ಕಪಾಟಿಗೆ ಮಾರುವ ಹಲಗೆ ಬೇರೆ, ಹೊರಗಿನ ಡೆಕ್ಕಿಗೆ ಮಾಡಿದ್ದು ಬೇರೆ. ಮೊದಲನೆಯದನ್ನು ದಕ್ಕೆಗೆ ಹಾಕಿದರೆ ಹಣ ನೀರಿಗೆ ಹಾಕಿದ ಹಾಗೆ. ಎರಡನೆಯದು ಬಾಳಿಕೆ ಬರುತ್ತದೆ, ಆದರೆ ಏಪ್ರಿಲ್ ಮಧ್ಯಾಹ್ನ ಕಡುಬಣ್ಣದ ಹಲಗೆ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ, ತುದಿಯಲ್ಲಿ ಸಂದು ಬಿಡದಿದ್ದರೆ ಎದ್ದು ಬಾಗುತ್ತದೆ. ಒಳಗೆ ಟೊಳ್ಳಿರುವ ಹಲಗೆಯಲ್ಲಿ ನೀರು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ನೆರೆಯದ್ದು. ಒತ್ತೊತ್ತಾಗಿ ಹಾಕಿದ ಹಲಗೆಯ ಅಡಿಗೆ ನೀರು ಏರಿದಾಗ ಅದು ಇಡೀ ಹಾಸನ್ನೇ ಮೇಲಕ್ಕೆತ್ತುತ್ತದೆ. ಮರದ ಹಾಸಿಗೂ ಇದೇ ಗತಿ.

ಫೈಬರ್ ಜಾಲರಿ ಈ ಎಲ್ಲಕ್ಕೂ ಉತ್ತರ. ರಾಸಾಯನಿಕ ಕಾರ್ಖಾನೆಗಳಲ್ಲಿ ಓಡಾಡುವ ಅಟ್ಟಕ್ಕೆ ಹಾಕುವುದು ಇದನ್ನೇ. ಉಪ್ಪು ನೀರು ಏನೂ ಮಾಡುವುದಿಲ್ಲ. ನೆರೆ ನೀರು ಕಣ್ಣುಗಳ ಮೂಲಕ ಮೇಲೆ ಬಂದು ಇಳಿದುಹೋಗುತ್ತದೆ. ಮೇಲೆ ಮರಳಿನ ಹರಳು ಅಂಟಿಸಿದ್ದು ಕೇಳಿ, ಒದ್ದೆಯಲ್ಲೂ ಕಾಲು ಹಿಡಿಯುತ್ತದೆ. ಸಾಮಾನ್ಯ ಜಾಲರಿಯ ದಪ್ಪ 38 ಮಿಲಿಮೀಟರ್, ಕಣ್ಣೂ ಅಷ್ಟೇ ಅಗಲ. ವಯಸ್ಸಾದವರ ಊರುಗೋಲು ಸಿಕ್ಕಿಕೊಳ್ಳದಂತೆ ಮೇಲ್ಭಾಗದಲ್ಲಿ 20 ಮಿಲಿಮೀಟರ್ ಆಸುಪಾಸಿನ ಸಣ್ಣ ಕಣ್ಣಿನದ್ದು ಸಿಗುತ್ತದೆ, ನಿಮಗೆ ಅದೇ ಆಗಬೇಕು. ಅಡಿಯ ತೊಲೆಗಳು 75 ಸೆಂಟಿಮೀಟರಿಗೆ ಒಂದರಂತೆ ಇರಲಿ. ರಾಳ ಐಸೋಫ್ಥಾಲಿಕ್ ಅಥವಾ ವಿನೈಲ್ ಎಸ್ಟರ್ ಎಂದು ಬಿಲ್ಲಿನಲ್ಲಿ ಬರೆಸಿ. ಬಿಸಿಲು ತಡೆಯುವ ಅಂಶ ಸೇರಿಸಿದ್ದು ಎಂದೂ ಬರೆಸಿ, ಇಲ್ಲದಿದ್ದರೆ ಕೆಲವು ವರ್ಷಕ್ಕೆ ಮೇಲ್ಮೈ ಸವೆದು ಗಾಜಿನ ಎಳೆ ಹೊರಬಂದು ಕಾಲಿಗೆ ಚುಚ್ಚುತ್ತದೆ. ಕತ್ತರಿಸಿದ ಪ್ರತಿ ತುದಿಗೂ ಅಲ್ಲೇ ರಾಳ ಬಳಿಯಬೇಕು. ಕೆಲಸದವರು ಬಿಟ್ಟುಬಿಡುವುದು ಇದನ್ನೇ. ನೀವು ಎದುರು ನಿಂತು ಮಾಡಿಸಿ. ನೋಡಲು ಮರದಷ್ಟು ಚಂದ ಇಲ್ಲ, ಅದು ನಿಜ.

ಇದಕ್ಕೆಲ್ಲ ಮುಂಗಡ ಕೊಡುವ ಮೊದಲು ಅನುಮತಿ. ಮನೆ ನಿಮ್ಮದು, ಹೊಳೆ ಸರ್ಕಾರದ್ದು. ಉಬ್ಬರದ ನೀರು ಬರುವ ಹೊಳೆಗಳಿಗೂ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಅನ್ವಯಿಸುತ್ತದೆ. 2019ರ ಅಧಿಸೂಚನೆಯಲ್ಲಿ ಇಂಥ ಹೊಳೆಗಳ ದಂಡೆಯಲ್ಲಿ ನಿಯಮಕ್ಕೆ ಒಳಪಡುವ ಪಟ್ಟಿ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಉಡುಪಿಯಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಸರ್ವೆ ನಕ್ಷೆ ಹಿಡಿದುಕೊಂಡು ಹೋಗಿ ಕೇಳಿ. ತೇಲುವುದು ತಾನೆ, ಕಟ್ಟಡ ಅಲ್ವಲ್ಲ ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಒಂದನ್ನೂ ಕಡಿಯಬಾರದು. ನಿಮ್ಮ ದಂಡೆ ಕುಸಿಯದೆ ನಿಂತಿರುವುದು ಅವುಗಳ ಬೇರಿನಿಂದ. ಹಾಗೆಯೇ ನಾಡದೋಣಿಯವರು ಬಲೆ ಬಿಡುವ ದಾರಿ, ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಇಳಿಯುವ ಜಾಗ ನಿಮ್ಮ ಕಟ್ಟೆಗೆ ಅಡ್ಡ ಬರುತ್ತದೆಯೇ ನೋಡಿ. ಅವರನ್ನು ಮೊದಲೇ ಕರೆದು ಮಾತಾಡಿ. ಹೊಳೆ ಎಲ್ಲಿ ಹೂಳುತ್ತದೆ, ಎಲ್ಲಿ ಕೊರೆಯುತ್ತದೆ ಎಂದು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ದೀಪಕ್ಕೆ 12 ವೋಲ್ಟಿನ ಸೋಲಾರ್ ಸಾಕು. ಮನೆಯ 230 ವೋಲ್ಟ್ ಲೈನ್ ನೀರಿನ ಮೇಲೆ ತರಬೇಡಿ. ಸೋರಿದ ಕರೆಂಟು ಉಪ್ಪು ನೀರಿಗಿಂತ ಸಿಹಿ ನೀರಿನಲ್ಲಿರುವ ಮನುಷ್ಯನಿಗೆ ಜಾಸ್ತಿ ಅಪಾಯ, ಮಳೆ ಶುರುವಾದ ಮೇಲೆ ನಿಮ್ಮ ಎದುರಿನ ನೀರು ಸಿಹಿಯೇ. ದಂಡೆಯ ಮೇಲೆ ಪ್ಲಗ್ ಪಾಯಿಂಟ್ ಬೇಕೇ ಬೇಕಾದರೆ 2020ರ ನೆರೆ ಗುರುತಿಗಿಂತ ಮೇಲೆ ಇರಲಿ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಉಳಿದದ್ದು ದಂಡೆಯ ದಕ್ಕೆಯಿಂದ ತೇಲುವ ಕಟ್ಟೆಗೆ ಇಳಿಯುವ ಹಲಗೆ ಸೇತುವೆ. ಅದರ ಉದ್ದ ನಾನು ಇಲ್ಲಿ ಕೂತು ಹೇಳಲಾರೆ, ನಿಮ್ಮ ಅಳತೆಯೇ ಬೇಕು. ಅಮಾವಾಸ್ಯೆ ಕಳೆದು ಮೂರು ದಿನ, ಬೆಳಿಗ್ಗೆ ಸಂಜೆ ಎರಡು ಇಳಿತದಲ್ಲೂ, ಬಿದಿರ ಗಳಕ್ಕೆ ಗುರುತು ಹಾಕಿ ಅಳೆಯಿರಿ. ದಂಡೆಯಿಂದ ಎರಡು, ನಾಲ್ಕು, ಆರು ಮೀಟರ್ ದೂರದಲ್ಲಿ ನೀರು ಎಷ್ಟು ಆಳ, ದಂಡೆಯ ಮೇಲಂಚಿನಿಂದ ನೀರು ಎಷ್ಟು ಕೆಳಗೆ, ಇವೆರಡನ್ನೂ ಬರೆದುಕೊಳ್ಳಿ. ತೇಲುವ ಕಟ್ಟೆಯ ಮೇಲ್ಮೈ ದಕ್ಕೆಗಿಂತ ಒಂದೂವರೆ ಮೀಟರ್ ಕೆಳಗೆ ಇಳಿಯುವುದಾದರೆ ಸೇತುವೆ ಆರು ಮೀಟರಿಗಿಂತ ಕಡಿಮೆ ಇರಬಾರದು, ಅದೂ ಎರಡೂ ಬದಿ ಕೈಹಿಡಿ ಹಾಕಿ. ನಾಲ್ಕಕ್ಕೆ ಒಂದರ ಇಳಿಜಾರು ಅದು, ನಮ್ಮಂಥವರಿಗೆ ಸರಿ. ತಂದೆ ತಾಯಿಗೆ ಎಂಟು ಮೀಟರ್ ಮಾಡಿಸಿದರೆ ಒಳ್ಳೆಯದು, ಮತ್ತು ಅವರನ್ನು ಕರೆದುಕೊಂಡು ಹೋಗುವ ದಿನ ಉಬ್ಬರದ ಹೊತ್ತನ್ನೇ ಆರಿಸಿಕೊಳ್ಳಿ.